ವ್ಯಕ್ತಿನಾಮಗಳು: ಇಟ್ಟ ಹೆಸರು, ಕರೆದ ಹೆಸರು

ಒಬ್ಬ ವ್ಯಕ್ತಿಯನ್ನು ಉಳಿದವರಿಂದ ಬೇರೆಯಾಗಿ ಗುರುತಿಸಲು ಮನೆ, ಊರು, ಮತ, ಸರ್ಕಾರಗಳು ಬಳಸುವ ಹೆಸರೇ ವ್ಯಕ್ತಿನಾಮ. ಹೆಸರುಗಳ ಅಧ್ಯಯನಕ್ಕೆ ನಾಮವಿಜ್ಞಾನ ಎನ್ನುತ್ತಾರೆ. ಸ್ಥಳನಾಮ, ವ್ಯಕ್ತಿನಾಮ ಅದರ ಎರಡು ಮುಖ್ಯ ಕವಲುಗಳು. ಕನ್ನಡದಲ್ಲಿ ಶಂಬಾ ಜೋಶಿಯವರಿಂದ ಎಂ.ಎಂ. ಕಲಬುರ್ಗಿಯವರವರೆಗೆ ಹಲವು ವಿದ್ವಾಂಸರು ಹೆಸರುಗಳ ಎಳೆ ಹಿಡಿದು ನಾಡಿನ ಚರಿತ್ರೆಯನ್ನು ಬಿಡಿಸಲು ಶ್ರಮಿಸಿದ್ದಾರೆ.

ಹೆಸರಿನ ಅರ್ಥ ಕೇಳಿದವರಿಗೆ ನಿಘಂಟಿನ ಅರ್ಥ ಹೇಳಿ ಮುಗಿಸುವುದು ರೂಢಿ. ಅದು ಹೆಸರಿನ ಅತಿ ಚಿಕ್ಕ ಭಾಗ. ತಿಪ್ಪಯ್ಯ ಎಂಬ ಹೆಸರಿಗೆ ನಿಘಂಟು ತಿಪ್ಪೆಯನ್ನು ತೋರಿಸುತ್ತದೆಯೇ ಹೊರತು ಆ ಹೆಸರಿಟ್ಟ ತಾಯಿಯ ಭಯವನ್ನು ತೋರಿಸುವುದಿಲ್ಲ. ಯಾರು ಇಟ್ಟರು, ಯಾವ ಕಾರಣಕ್ಕೆ ಇಟ್ಟರು, ಯಾರಿಗೆ ಯಾವ ಹೆಸರಿಡುವ ಹಕ್ಕಿತ್ತು, ಯಾರಿಗೆ ಇರಲಿಲ್ಲ ಎಂಬುದರಲ್ಲಿ ಹೆಸರಿನ ನಿಜವಾದ ಅರ್ಥವಿದೆ. ಈ ಲೇಖನ ಆ ದಾರಿಯಲ್ಲಿ ಸಾಗುತ್ತದೆ. ಕನ್ನಡನಾಡಿನ ಹೆಸರುಗಳು ಇಲ್ಲಿ ಮುಖ್ಯ. ಹೊರನಾಡಿನವು ಹೋಲಿಕೆಗೆ ಒದಗಿದಷ್ಟು ಬಂದಿವೆ.

ವಾರದ ಹೆಸರುಗಳು

ಮಗು ಹುಟ್ಟಿದ ವಾರವನ್ನೇ ಅದರ ಹೆಸರಾಗಿಸುವ ಪದ್ಧತಿ ಒಂದಕ್ಕೊಂದು ಸಂಬಂಧವಿಲ್ಲದ ನಾಡುಗಳಲ್ಲಿ ಕಾಣುತ್ತದೆ. ತುಳುನಾಡಿನಲ್ಲಿ ಭಾನುವಾರ ಹುಟ್ಟಿದವನು ಐತ, ಸೋಮವಾರದವನು ಸೋಮ ಅಥವಾ ಚೋಮ, ಮಂಗಳವಾರದವನು ಅಂಗಾರ, ಬುಧವಾರದವನು ಬೂದ, ಗುರುವಾರದವನು ಗುರುವ, ಶುಕ್ರವಾರದವನು ತುಕ್ರ, ಶನಿವಾರದವನು ತನಿಯ. ಶುಕ್ರ ತುಕ್ರನಾಗುವುದು, ಶನಿ ತನಿಯಾಗುವುದು ತುಳುವಿನ ಉಚ್ಚಾರಣೆಗೆ ಸಹಜ.

ಈ ಹೆಸರುಗಳು ಎಲ್ಲ ಮನೆಗಳಲ್ಲೂ ಇರಲಿಲ್ಲ. ಗದ್ದೆಯಲ್ಲಿ ದುಡಿಯುವ, ಅದರಲ್ಲೂ ಅಸ್ಪೃಶ್ಯರೆಂದು ದೂರವಿಟ್ಟ ಸಮುದಾಯಗಳಲ್ಲಿ ಹೆಚ್ಚಾಗಿದ್ದವು. ಪಂಚಾಂಗದ ಹೆಸರು, ದೇವರ ದೊಡ್ಡ ಹೆಸರು ಒಡೆಯರ ಮನೆಯ ಸ್ವತ್ತಾಗಿದ್ದಾಗ ಆಳಿನ ಮಗುವಿಗೆ ಉಳಿದದ್ದು ವಾರ. ಮನುಸ್ಮೃತಿಯ ಎರಡನೆಯ ಅಧ್ಯಾಯ ಹೆಸರಿನಲ್ಲೂ ವರ್ಣಭೇದ ಇರಬೇಕೆಂದು ವಿಧಿಸುತ್ತದೆ: ಬ್ರಾಹ್ಮಣನ ಹೆಸರು ಮಂಗಳಕರವಾಗಿರಬೇಕು, ಕ್ಷತ್ರಿಯನದು ಬಲವನ್ನು, ವೈಶ್ಯನದು ಧನವನ್ನು ಸೂಚಿಸಬೇಕು, ಶೂದ್ರನದು ಹೇಯವಾಗಿರಬೇಕು. ಊರಿನ ರೂಢಿ ಈ ಗ್ರಂಥವನ್ನು ಓದಿ ಹುಟ್ಟಿದ್ದಲ್ಲ. ಆದರೂ ಎರಡರ ಹಿಂದಿರುವ ಮನಸ್ಸು ಒಂದೇ. ಶಿವರಾಮ ಕಾರಂತರು 1933ರಲ್ಲಿ ಬರೆದ ಕಾದಂಬರಿಯ ನಾಯಕನಿಗೆ ಚೋಮ ಎಂದೇ ಹೆಸರಿಟ್ಟರು. ಆ ಎರಡಕ್ಷರ ಕೇಳಿದ ತುಳುನಾಡಿನ ಓದುಗನಿಗೆ ಅವನ ಸ್ಥಾನಮಾನ ಬೇರೆ ಹೇಳಬೇಕಿರಲಿಲ್ಲ. ಇನ್ನೊಂದು ಸಂಗತಿಯನ್ನೂ ಇಲ್ಲಿ ಹೇಳಬೇಕು. ಇಂದು ಎಲ್ಲ ಜಾತಿಯವರೂ ಹರಕೆ ಹೊತ್ತು ಕೈಮುಗಿಯುವ ತುಳುನಾಡಿನ ದೈವ ಕೊರಗಜ್ಜನ ಹುಟ್ಟುಹೆಸರು ಪಾಡ್ದನಗಳ, ಅಂದರೆ ತುಳು ಕಥನಗೀತೆಗಳ, ಪ್ರಕಾರ ತನಿಯ.

ಪಶ್ಚಿಮ ಆಫ್ರಿಕಾದ ಘಾನಾದಲ್ಲಿ ಆಕಾನ್ ಜನರಿಗೂ ವಾರದ ಹೆಸರುಗಳಿವೆ. ಶುಕ್ರವಾರದ ಗಂಡುಮಗು ಕೋಫಿ, ಶನಿವಾರದ್ದು ಕ್ವಾಮೆ, ಸೋಮವಾರದ್ದು ಕೊಜೊ. ಗುರುವಾರದ ಹೆಣ್ಣುಮಗು ಯಾ. ಅಲ್ಲಿ ಈ ಹೆಸರು ಕೀಳಲ್ಲ. ಅರಮನೆಯಲ್ಲೂ ಗುಡಿಸಲಿನಲ್ಲೂ ಒಂದೇ. ಘಾನಾದ ಮೊದಲ ಅಧ್ಯಕ್ಷ ಕ್ವಾಮೆ ನ್ಕ್ರುಮಾ ಶನಿವಾರದ ಮಗು. 1900ರಲ್ಲಿ ಬ್ರಿಟಿಷರ ವಿರುದ್ಧ ಆಕಾನರಲ್ಲೇ ಒಂದು ಪಂಗಡವಾದ ಅಸಾಂತೆ ಜನರ ಸೇನೆಯನ್ನು ಎಬ್ಬಿಸಿ ನಿಲ್ಲಿಸಿದ ರಾಜಮಾತೆ ಯಾ ಅಸಾಂತೆವಾ ಗುರುವಾರದವಳು. ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿಯಾಗಿದ್ದ ಕೋಫಿ ಅನ್ನಾನ್ ಅವರ ಹೆಸರಿನಲ್ಲಿ ಕೋಫಿ ಎಂದರೆ ಶುಕ್ರವಾರದವನು, ಅನ್ನಾನ್ ಎಂದರೆ ನಾಲ್ಕನೆಯ ಮಗು. ತುಳುವಿನಲ್ಲಾದರೆ ಅವರು ತುಕ್ರ ಆಗುತ್ತಿದ್ದರು. ಗುಲಾಮರಾಗಿ ಹಡಗೇರಿದ ಆಕಾನರು ಈ ಹೆಸರುಗಳನ್ನು ಕೆರಿಬಿಯನ್ ದ್ವೀಪಗಳಿಗೂ ಒಯ್ದರು. ಒಡೆಯರು ಇಟ್ಟ ಯುರೋಪಿನ ಹೆಸರುಗಳ ನಡುವೆಯೂ ಅವು ಬದುಕಿ ಉಳಿದವು. 1739ರಲ್ಲಿ ಜಮೈಕಾದಲ್ಲಿ ಬ್ರಿಟಿಷರೊಡನೆ ಒಪ್ಪಂದ ಮಾಡಿಕೊಂಡ ಮರೂನರ, ಅಂದರೆ ತಪ್ಪಿಸಿಕೊಂಡು ಸ್ವತಂತ್ರರಾದ ಗುಲಾಮರ, ನಾಯಕ ಕಜೋ ಇದಕ್ಕೊಂದು ಉದಾಹರಣೆ. ಅವನದು ಸೋಮವಾರದ ಹೆಸರು.

ಮೂರನೆಯ ಉದಾಹರಣೆ ನಮ್ಮ ನೆರೆಯಲ್ಲೇ ಇದೆ. ಟಿಬೆಟಿನಲ್ಲಿ ನ್ಯಿಮಾ ಎಂದರೆ ಸೂರ್ಯ, ಭಾನುವಾರ. ದಾವಾ ಎಂದರೆ ಚಂದ್ರ, ಸೋಮವಾರ. ಮಿಗ್ಮಾರ್, ಲ್ಹಾಕ್ಪಾ, ಫುರ್ಬು, ಪಾಸಂಗ್, ಪೆಂಬಾ ಉಳಿದ ಐದು ದಿನಗಳು. 1960ರ ದಶಕದ ಆರಂಭದಲ್ಲಿ ಮೈಸೂರು ಜಿಲ್ಲೆಯ ಬೈಲಕುಪ್ಪೆಗೆ ಬಂದು ನೆಲೆಸಿದ ಟಿಬೆಟನ್ನರ ಮನೆಗಳಲ್ಲಿ ಈ ಹೆಸರುಗಳು ಇವತ್ತಿಗೂ ಬಳಕೆಯಲ್ಲಿವೆ. ದಲೈ ಲಾಮಾ ತೆನ್‌ಜಿನ್ ಗ್ಯಾತ್ಸೊ ಅವರ ಹೆಸರಿನ ಮೊದಲ ಭಾಗ ಪಡೆದ ಮಕ್ಕಳೂ ಅಲ್ಲಿ ತುಂಬಾ ಇದ್ದಾರೆ. ವಾರದ ಹೆಸರು ಒಂದು ಕಡೆ ಕೀಳರಿಮೆಯ ಗುರುತು, ಇನ್ನೆರಡು ಕಡೆ ಎಲ್ಲರ ಸ್ವತ್ತು. ಹೆಸರಿನ ಮರ್ಯಾದೆ ಅದರ ಅಕ್ಷರಗಳಲ್ಲಿಲ್ಲ, ಅದನ್ನಿಟ್ಟ ಸಮಾಜದಲ್ಲಿದೆ.

ಶಾಸನಗಳಲ್ಲಿ ಕಾಣುವ ಹೆಸರುಗಳು

ಕನ್ನಡದ ಹಳೆಯ ಹೆಸರುಗಳಿಗೆ ಮುಖ್ಯ ಆಕರ ಶಾಸನಗಳು. ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನದಲ್ಲಿ ಮೃಗೇಶ, ನಾಗ, ಪಶುಪತಿ ಎಂಬ ಸಂಸ್ಕೃತ ಹೆಸರುಗಳ ಜೊತೆಗೆ ವಿಜಾರಸ ಬರುತ್ತಾನೆ. ಅವನ ಹೆಸರಿನ ಕೊನೆಗೆ ಕನ್ನಡದ ಅರಸ ಸೇರಿದೆ. ರಾಜರ ಪ್ರಶಸ್ತಿಗಳಿಗಿಂತ ವೀರಗಲ್ಲುಗಳು ಈ ವಿಷಯದಲ್ಲಿ ಹೆಚ್ಚು ಬೆಲೆಯುಳ್ಳವು, ಏಕೆಂದರೆ ಅಲ್ಲಿ ಊರಿನ ಸಾಮಾನ್ಯರಿದ್ದಾರೆ. ಬೆಂಗಳೂರಿನ ಹೆಬ್ಬಾಳದಲ್ಲಿ ಸಿಕ್ಕ ಸುಮಾರು 750ರ ಕಲ್ಲಿನಲ್ಲಿ ಕಿತ್ತಯ್ಯನಿದ್ದಾನೆ. ಬೇಗೂರಿನ ಸುಮಾರು 890ರ ಶಾಸನದಲ್ಲಿ ಬೆಂಗಳೂರಿನ ಕಾಳಗದಲ್ಲಿ ಮಡಿದ ಬುಟ್ಟನಸೆಟ್ಟಿ ಇದ್ದಾನೆ. ಆತಕೂರಿನ ಶಾಸನವಂತೂ ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯ ಹೆಸರನ್ನೂ 10ನೆಯ ಶತಮಾನದಿಂದ ಕಾದುಕೊಂಡು ಬಂದಿದೆ.

ಹೆಂಗಸರ ಹೆಸರುಗಳಿಗೆ ಆಗ ಅಬ್ಬೆ ಎಂಬ ಕೊನೆ ಸಾಮಾನ್ಯ. 10ನೆಯ ಶತಮಾನದ ಆರಂಭದಲ್ಲಿ ನಾಗರಖಂಡದ ಆಡಳಿತ ನಡೆಸಿದ ಜಕ್ಕಿಯಬ್ಬೆ, 1007ರ ಹೊತ್ತಿಗೆ ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ ಅತ್ತಿಮಬ್ಬೆ, ರನ್ನನ ತಾಯಿ ಅಬ್ಬಲಬ್ಬೆ ಎಲ್ಲರೂ ತಾಯಿ ಎಂಬರ್ಥದ ಆ ಮಾತನ್ನು ಹೊತ್ತವರು. ಜಕ್ಕಿ ಎಂದರೆ ಯಕ್ಷಿ. ಮುಂದೆ ಅಬ್ಬೆ ಹೋಗಿ ಅಮ್ಮ, ಅವ್ವ, ಅಕ್ಕ ಉಳಿದವು. ಗಂಡಸರಲ್ಲಿ ಅಯ್ಯ, ಅಪ್ಪ, ಅಣ್ಣ ನಿಂತವು. ಬಂಧುವಾಚಕವನ್ನೇ ಗೌರವವಾಚಕ ಮಾಡಿ ಅಂಕಿತನಾಮಕ್ಕೆ ಅಂಟಿಸುವುದು ಕನ್ನಡದ ಹೆಸರುಗಳ ದೊಡ್ಡ ಲಕ್ಷಣ. ತೊಟ್ಟಿಲಲ್ಲಿ ಮಲಗಿದ ಕೂಸೂ ನಮ್ಮಲ್ಲಿ ಅಪ್ಪನೇ, ಅಮ್ಮನೇ.

ಸಂಸ್ಕೃತದ ಹೆಸರು ಬಂದರೂ ಜನ ಅದನ್ನು ತಮ್ಮ ನಾಲಗೆಗೆ ಹೊಂದಿಸಿಕೊಂಡರು. ರತ್ನ ರನ್ನನಾದ, ಜನಾರ್ದನ ಜನ್ನನಾದ, ಬ್ರಹ್ಮ ಬೊಮ್ಮನಾದ, ವೃಷಭ ಬಸವನಾದ, ಲಕ್ಷ್ಮಿ ಲಕ್ಕಮ್ಮಳಾದಳು. ಚಕ್ರವರ್ತಿಗಳಿಗೂ ರಿಯಾಯಿತಿ ಇರಲಿಲ್ಲ: ರಾಷ್ಟ್ರಕೂಟ ಕೃಷ್ಣ ಕನ್ನರನಾದ, ಧ್ರುವ ಧೋರನಾದ. ಇಂದು ಹಳ್ಳಿಯ ಉಚ್ಚಾರಣೆ ಎಂದು ಮುಖ ಸಿಂಡರಿಸಿಕೊಳ್ಳುವವರು ರನ್ನ, ಜನ್ನ, ಬಸವ ಎಂಬವೂ ಅಂಥ ಉಚ್ಚಾರಣೆಯಿಂದಲೇ ಬಂದವು ಎಂಬುದನ್ನು ನೆನೆಯಬೇಕು. ಹೆಸರಿಡುವುದರಲ್ಲಿ ಕೃತಜ್ಞತೆಯೂ ಇತ್ತು. ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನ ತನಗೆ ಆಸರೆಯಾದ ಚಾವುಂಡರಾಯ, ಅತ್ತಿಮಬ್ಬೆಯರ ನೆನಪಿಗೆ ಮಗನನ್ನು ರಾಯ ಎಂದೂ ಮಗಳನ್ನು ಅತ್ತಿಮಬ್ಬೆ ಎಂದೂ ಕರೆದ.

ಕಸುಬು ಹೊತ್ತ ಹೆಸರುಗಳು

12ನೆಯ ಶತಮಾನದ ಶರಣರ ಹೆಸರುಗಳು ಜಗತ್ತಿನ ಹೆಸರುಗಳ ಚರಿತ್ರೆಯಲ್ಲೇ ವಿಶೇಷವಾದವು. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದರ ಕೇತಯ್ಯ, ನುಲಿಯ ಚಂದಯ್ಯ, ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಆಯ್ದಕ್ಕಿ ಲಕ್ಕಮ್ಮ: ಮುಂದೆ ಕಸುಬು, ನಡುವೆ ಹೆಸರು, ಕೊನೆಗೆ ಗೌರವ. ಅಯ್ಯ ಎಂಬ ಮಾತು ಮೇಲಿನವರಿಗೆ ಮೀಸಲಾಗಿದ್ದ ಕಾಲದಲ್ಲಿ ಬಟ್ಟೆ ಒಗೆಯುವವನಿಗೂ ಚರ್ಮ ಹದಮಾಡುವವನಿಗೂ ಅದು ಸಂದಿತು. ಕಸುಬನ್ನು ಮುಚ್ಚಿಡಲಿಲ್ಲ, ಹಾಗೆಂದು ಅದನ್ನು ಕೀಳಾಗಿ ಉಳಿಯಲೂ ಬಿಡಲಿಲ್ಲ. ಇಂಗ್ಲೆಂಡಿನ ಸ್ಮಿತ್, ಟೇಲರ್, ಬೇಕರ್ ಎಂಬ ಕುಲನಾಮಗಳೂ ಕಮ್ಮಾರ, ದರ್ಜಿ, ರೊಟ್ಟಿ ಸುಡುವವನ ಕಸುಬಿನಿಂದಲೇ ಬಂದವು. ಅಲ್ಲಿ ಕಸುಬು ಬಿಟ್ಟ ಮೇಲೂ ಹೆಸರು ಮೊಮ್ಮಕ್ಕಳಿಗೆ ಇಳಿದು ಬರಿಯ ಗುರುತಾಯಿತು. ಶರಣರ ಹೆಸರಿನಲ್ಲಿ ಕಸುಬು ಆ ವ್ಯಕ್ತಿಯ ಕಾಯಕವನ್ನೇ ಹೇಳುತ್ತಿತ್ತು.

ದೃಷ್ಟಿ ತಾಗದಿರಲೆಂದು

ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಮುಂದಿನ ಕೂಸಿಗೆ ಚೆಂದದ ಹೆಸರಿಡಲು ಹೆದರುತ್ತಿದ್ದರು. ಕೂಸನ್ನು ತಿಪ್ಪೆಯ ಮೇಲೆ ಉರುಳಿಸಿ ತಿಪ್ಪ, ತಿಪ್ಪಮ್ಮ ಎಂದು ಕರೆಯುವುದು, ಕಲ್ಲಪ್ಪ, ಗುಂಡಪ್ಪ ಎಂದು ಕಲ್ಲಿನ ಹೆಸರಿಡುವುದು, ನೆರೆಯವರಿಗೆ ಹೊಟ್ಟಿಗೋ ಉಪ್ಪಿಗೋ ಮಾರಿದಂತೆ ಮಾಡಿ ಮರಳಿ ತರುವುದು ಇವೆಲ್ಲ ಆ ಭಯದ ಉಪಾಯಗಳು. ಸಾವು ಬಂದರೂ ಇಂಥ ಕೂಸನ್ನು ಕಣ್ಣೆತ್ತಿ ನೋಡದೆ ಹೋಗಲಿ ಎಂಬ ಹಂಬಲ. ಆದರೆ ಎಲ್ಲ ತಿಪ್ಪೇಸ್ವಾಮಿಗಳೂ ಹೀಗೆ ಬಂದವರಲ್ಲ. ಚಿತ್ರದುರ್ಗ ಸೀಮೆಯಲ್ಲಿ ಆ ಹೆಸರು ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಮೇಲಿನ ಭಕ್ತಿಯಿಂದಲೂ ಬರುತ್ತದೆ.

ಮಂಗೋಲಿಯಾದಲ್ಲಿ ಇಂಥ ಮಕ್ಕಳಿಗೆ ನೆರ್ಗುಯಿ, ಅಂದರೆ ಹೆಸರಿಲ್ಲದವನು, ಎನೆಬಿಶ್, ಅಂದರೆ ಇವನಲ್ಲ, ಎಂದು ಹೆಸರಿಡುತ್ತಾರೆ. ಹುಡುಕಿ ಬಂದ ದುಷ್ಟಶಕ್ತಿ ದಾರಿ ತಪ್ಪಲಿ ಎಂದು. ನೈಜೀರಿಯಾದ ಯೊರುಬಾ ಜನರಲ್ಲಿ ಮತ್ತೆ ಮತ್ತೆ ಹುಟ್ಟಿ ಸಾಯುವ ಮಗುವಿಗೆ ಅಬಿಕು ಎನ್ನುತ್ತಾರೆ. ಅದಕ್ಕಿಡುವ ಹೆಸರು ಮಗುವಿನ ಮುಂದೆಯೇ ಮಾಡಿದ ಬೇಡಿಕೆ: ಮಲೋಮೊ ಎಂದರೆ ಇನ್ನು ಹೋಗಬೇಡ, ಕೊಕುಮೊ ಎಂದರೆ ಇನ್ನು ಸಾಯುವುದಿಲ್ಲ. ಶಿಶುಮರಣದ ಅಂಕಿಅಂಶ ಬರೆದಿಡದ ಕಾಲದ ದುಃಖ ಈ ಹೆಸರುಗಳಲ್ಲಿ ದಾಖಲಾಗಿದೆ.

ಹೆಣ್ಣುಮಕ್ಕಳ ಹೆಸರಿನಲ್ಲಿ ಇನ್ನೊಂದು ಕಹಿ ಇದೆ. ಸಾಲಾಗಿ ಹೆಣ್ಣೇ ಹುಟ್ಟಿದಾಗ ಸಾಕಮ್ಮ, ಸಾಕವ್ವ ಎಂದಿಟ್ಟ ಮನೆಗಳು ನಮ್ಮಲ್ಲಿದ್ದವು. ಚೀನಾದ ಝಾವೊದಿ ಎಂಬ ಹೆಣ್ಣುಹೆಸರಿಗೆ ತಮ್ಮನನ್ನು ಕರೆತಾ ಎಂದು ಅರ್ಥ. ಮಹಾರಾಷ್ಟ್ರದ ಸತಾರಾ ಜಿಲ್ಲೆಯಲ್ಲಿ ನಕುಸಾ, ಅಂದರೆ ಬೇಡವಾದವಳು, ಎಂದು ಹೆಸರು ಹೊತ್ತಿದ್ದ 280ಕ್ಕೂ ಹೆಚ್ಚು ಹುಡುಗಿಯರಿಗೆ 2011ರಲ್ಲಿ ಜಿಲ್ಲಾಡಳಿತವೇ ಸಮಾರಂಭ ಮಾಡಿ ಅವರು ಆರಿಸಿಕೊಂಡ ಹೊಸ ಹೆಸರು ಕೊಟ್ಟಿತು. ಸರ್ಕಾರಿ ಕಚೇರಿಗಳು ಹೆಸರಿನ ವಿಷಯದಲ್ಲಿ ಮಾಡಿದ ಒಳ್ಳೆಯ ಕೆಲಸಗಳಲ್ಲಿ ಇದನ್ನು ಮೊದಲು ಹೇಳಬೇಕು.

ದೇವರು, ದರ್ಗಾ, ಸೀಮೆ

ಕರ್ನಾಟಕದಲ್ಲಿ ದೇವರ ಹೆಸರು ಕೇಳಿದರೆ ಸೀಮೆಯನ್ನು ಬಹುಮಟ್ಟಿಗೆ ಊಹಿಸಬಹುದು. ನಂಜಪ್ಪ, ನಂಜಮ್ಮ ಎಂದರೆ ನಂಜನಗೂಡಿನ ಸುತ್ತು. ಮಾದಪ್ಪ, ಮಾದೇಶ ಎಂದರೆ ಮಲೆ ಮಹದೇಶ್ವರನ ಬೆಟ್ಟದ ಕಡೆ. ಯಲ್ಲಪ್ಪ, ಯಲ್ಲವ್ವ ಎಂದರೆ ಸವದತ್ತಿ. ಹುಲಿಗೆಮ್ಮ ಎಂದರೆ ಕೊಪ್ಪಳ. ಶರಣಬಸಪ್ಪ ಎಂದರೆ ಕಲಬುರಗಿ. ಮುತ್ತತ್ತಿಯ ಆಂಜನೇಯನ ಹೆಸರು ಹೊತ್ತ ಮುತ್ತುರಾಜ ಎಂಬ ಹುಡುಗನೇ 1954ರಲ್ಲಿ ಬೇಡರ ಕಣ್ಣಪ್ಪ ಚಿತ್ರದಿಂದ ರಾಜಕುಮಾರ್ ಆದದ್ದು.

ಉತ್ತರ ಕರ್ನಾಟಕದ ಹಿಂದೂ ಮನೆಗಳಲ್ಲಿ ಫಕೀರಪ್ಪ, ಹುಸೇನಪ್ಪ ಎಂಬ ಹೆಸರುಗಳಿವೆ. ದರ್ಗಾಕ್ಕೆ ಹರಕೆ ಹೊತ್ತು, ಮೊಹರಂನ ಅಲಾವಿಗೆ ಕೈಮುಗಿದು ಪಡೆದ ಮಕ್ಕಳಿಗೆ ಇಟ್ಟವು ಅವು. ಶಿರಹಟ್ಟಿಯ ಫಕೀರೇಶ್ವರ ಮಠದ ಭಕ್ತರಲ್ಲೂ ಫಕೀರಪ್ಪನಿದ್ದಾನೆ. ಅರಬ್ಬಿ ಮಾತಿಗೆ ಕನ್ನಡದ ಅಪ್ಪ ಸೇರಿದ ಈ ಹೆಸರುಗಳು ಈ ನೆಲದ ಕೂಡುಬಾಳಿಗೆ ಗಟ್ಟಿಯಾದ ಸಾಕ್ಷಿ. ಕಲಬುರಗಿಯಲ್ಲಿ 1422ರಲ್ಲಿ ತೀರಿಕೊಂಡ ಸೂಫಿ ಸಂತ ಸೈಯದ್ ಮುಹಮ್ಮದ್ ಹುಸೇನಿಯವರನ್ನು ಜನ ಬಂದೇನವಾಜ್ ಎಂದೂ, ನೀಳಕೂದಲಿನವರು ಎಂಬರ್ಥದಲ್ಲಿ ಗೇಸುದರಾಜ್ ಎಂದೂ ಕರೆದರು. ಹೀಗೆ ಹುಟ್ಟುಹೆಸರಿಗೆ ಬಿರುದನ್ನೂ, ತಂದೆಯ ಹೆಸರನ್ನೂ, ಊರಿನ ಹೆಸರನ್ನೂ ಪದರಪದರವಾಗಿ ಸೇರಿಸುವುದು ಇಸ್ಲಾಮೀ ನಾಡುಗಳ ಪದ್ಧತಿ. ಮಂಗಳೂರಿನ ಕ್ರೈಸ್ತರ ಕುಲನಾಮಗಳು ಪೋರ್ಚುಗೀಸರ ಕಾಲದವು. ಲೋಬೊ ಎಂದರೆ ತೋಳ, ಕುವೆಲ್ಲೊ ಎಂದರೆ ಮೊಲ, ಫೆರ್ನಾಂಡಿಸ್ ಎಂದರೆ ಫೆರ್ನಾಂಡೊನ ಮಗ.

ಅಡ್ಡಹೆಸರು, ಮನೆಹೆಸರು, ಇನಿಷಿಯಲ್

ಒಂದೇ ರಾಜ್ಯವಾದರೂ ಕರ್ನಾಟಕದಲ್ಲಿ ಪೂರ್ತಿ ಹೆಸರು ಬರೆಯುವ ಕ್ರಮ ಒಂದೇ ಅಲ್ಲ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬಲ್ಲಿ ಮೊದಲು ಊರು, ಆಮೇಲೆ ತಂದೆ, ಕೊನೆಗೆ ತಾನು. ದತ್ತಾತ್ರೇಯ ರಾಮಚಂದ್ರ ಬೇಂದ್ರೆ ಎಂಬಲ್ಲಿ ಮೊದಲು ತಾನು, ಆಮೇಲೆ ತಂದೆ, ಕೊನೆಗೆ ಮನೆತನ. ಹಳೆ ಮೈಸೂರಿನವರೂ ಮುಂಬಯಿ ಪ್ರಾಂತ್ಯದಲ್ಲಿದ್ದವರೂ ಬೇರೆ ಬೇರೆ ಆಡಳಿತದಲ್ಲಿ ಬೆಳೆದದ್ದು ಈ ಎರಡು ಹೆಸರುಗಳಲ್ಲೇ ಕಾಣುತ್ತದೆ. ಕೊಡಗಿನಲ್ಲಿ ಒಕ್ಕದ, ಅಂದರೆ ಮನೆತನದ, ಹೆಸರು ಮುಂದೆ ಬರುತ್ತದೆ: ಫೀಲ್ಡ್ ಮಾರ್ಷಲ್ ಕಾರಿಯಪ್ಪ, ಜನರಲ್ ತಿಮ್ಮಯ್ಯ ಇಬ್ಬರೂ ಕೊಡಂದೇರ ಒಕ್ಕದವರು. ತುಳುನಾಡಿನಲ್ಲಿ ತಾಯಿಯ ಕಡೆಯಿಂದ ಬರುವ ‘ಬರಿ’ ಎಂಬ ಕುಲದ ಹೆಸರುಗಳಾದ ಸಾಲಿಯಾನ್, ಬಂಗೇರ, ಕೋಟ್ಯಾನ್ ಈಗ ಕುಲನಾಮಗಳಾಗಿವೆ.

ಉತ್ತರ ಕರ್ನಾಟಕದ ಅಡ್ಡಹೆಸರುಗಳು ಒಂದು ಪೂರ್ತಿ ಊರನ್ನೇ ಕಣ್ಣಮುಂದೆ ತರುತ್ತವೆ. ಹುದ್ದೆಯಿಂದ ಪಾಟೀಲ, ಕುಲಕರ್ಣಿ, ದೇಸಾಯಿ, ಕಸುಬಿನಿಂದ ಬಡಿಗೇರ, ಕಂಬಾರ, ಪತ್ತಾರ, ಮಠದಿಂದ ಹಿರೇಮಠ, ಊರಿನಿಂದ ಗೋಕಾಕ, ಮನ್ಸೂರ, ಹಾನಗಲ್, ಸಂತೆಯಿಂದ ಅಂಗಡಿ, ಅಕ್ಕಿ, ಮೆಣಸಿನಕಾಯಿ, ಉಳ್ಳಾಗಡ್ಡಿ. ಈ ಕೊನೆಯವನ್ನು ಕೇಳಿ ನಗುವ ದಕ್ಷಿಣದವರು ರೋಮಿನ ಮಹಾ ವಾಗ್ಮಿ ಸಿಸಿರೋ ಅವರ ಮನೆತನದ ಹೆಸರು ಕಡಲೆಕಾಳಿನಿಂದ ಬಂದದ್ದೆಂದು ತಿಳಿದರೆ ಸಾಕು.

ಕುಲನಾಮ ಪ್ರಾಚೀನವೆಂಬ ನಂಬಿಕೆ ಚೀನಾದಂಥ ಕೆಲವೇ ನಾಡುಗಳ ಮಟ್ಟಿಗೆ ನಿಜ. ಬಹಳ ಕಡೆ ಅದು ಸರ್ಕಾರದ ಆಜ್ಞೆಯಿಂದ ಬಂದದ್ದು. ಫಿಲಿಪ್ಪೀನ್ಸ್‌ನಲ್ಲಿ 1849ರಲ್ಲಿ ಸ್ಪೇನಿನ ಗವರ್ನರ್ ಕ್ಲಾವೇರಿಯಾ ಹೆಸರುಗಳ ಪಟ್ಟಿಯೊಂದನ್ನು ಕಳಿಸಿ ಅದರಿಂದ ಕುಲನಾಮಗಳನ್ನು ಹಂಚಿಸಿದ. ಜಪಾನ್ 1875ರಲ್ಲಿ, ತುರ್ಕಿ 1934ರಲ್ಲಿ ಕುಲನಾಮವನ್ನು ಕಡ್ಡಾಯ ಮಾಡಿದವು. ತೆರಿಗೆ, ಸೈನ್ಯ, ಆಸ್ತಿಪತ್ರಗಳಿಗೆ ಜನರನ್ನು ಲೆಕ್ಕಕ್ಕೆ ತರುವುದು ಇದರ ಉದ್ದೇಶ. ಐಸ್‌ಲೆಂಡ್ ಮಾತ್ರ ಇಂದಿಗೂ ಹಳೆಯ ದಾರಿಯಲ್ಲಿದೆ. ಅಲ್ಲಿ ಮಗನ ಹೆಸರಿಗೆ ತಂದೆಯ ಹೆಸರಿನ ಜೊತೆ ಸೊನ್, ಮಗಳಿಗೆ ದೋತ್ತಿರ್ ಸೇರುತ್ತದೆ. 1980ರಿಂದ 1996ರವರೆಗೆ ಅಧ್ಯಕ್ಷೆಯಾಗಿದ್ದ ವಿಗ್ದಿಸ್ ಫಿನ್ಬೊಗಾದೋತ್ತಿರ್, ಫಿನ್ಬೊಗಿಯ ಮಗಳು. ಟೆಲಿಫೋನ್ ಡೈರೆಕ್ಟರಿಯಲ್ಲೂ ಅಲ್ಲಿ ಅಂಕಿತನಾಮವೇ ಮೊದಲು.

ಹಳೆ ಮೈಸೂರಿನ ಕ್ರಮ ಐಸ್‌ಲೆಂಡಿನದಕ್ಕೆ ಹತ್ತಿರ. ಹಾಗಾಗಿ ಕುಲನಾಮ ಕೇಳುವ ನಾಡುಗಳಲ್ಲಿ ಕನ್ನಡಿಗರಿಗೆ ತೊಡಕು. ಪಾಸ್‌ಪೋರ್ಟಿನ ಸರ್‌ನೇಮ್ ಜಾಗದಲ್ಲಿ ತಂದೆಯ ಹೆಸರು ಬರೆಸಿದವರನ್ನು ಅಮೆರಿಕದ ಕಚೇರಿಗಳು ಜೀವನವಿಡೀ ತಂದೆಯ ಹೆಸರಿನಿಂದಲೇ ಕರೆಯುತ್ತವೆ. ಒಂದೇ ಹೆಸರಿದ್ದು ಅದೂ ಸರ್‌ನೇಮ್ ಜಾಗಕ್ಕೆ ಹೋದರೆ ವೀಸಾದ ಮೇಲೆ ಮೊದಲ ಹೆಸರು ಗೊತ್ತಿಲ್ಲ ಎಂಬರ್ಥದ ಎಫ್‌ಎನ್‌ಯು ಎಂಬ ಮೂರಕ್ಷರ ಅಚ್ಚಾಗುತ್ತದೆ.

ಹೇಳಬಾರದ ಹೆಸರು

ಹೆಸರಿಟ್ಟ ಮೇಲೆ ಅದನ್ನು ಯಾರು ಉಚ್ಚರಿಸಬಹುದು ಎಂಬುದಕ್ಕೂ ಕಟ್ಟಳೆಗಳಿವೆ. ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳುತ್ತಿರಲಿಲ್ಲ. ಹೇಳಿಸಲೆಂದೇ ಮದುವೆ, ಸೀಮಂತಗಳಲ್ಲಿ ಮುತ್ತೈದೆಯರು ಸುತ್ತುವರಿದು ಕೂರುತ್ತಿದ್ದರು. ಪ್ರಾಸ ಕಟ್ಟಿ, ಕೊನೆಯ ಸಾಲಿನಲ್ಲಿ ಹೆಸರನ್ನು ಅಡಗಿಸಿ ಹೇಳುವ ಒಡಪು ಉತ್ತರ ಕರ್ನಾಟಕದ ಹೆಂಗಸರ ಸಾಹಿತ್ಯವಾಗಿ ಬೆಳೆಯಿತು. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದು ವಾಡಿಕೆ, ಆದರೆ ಸೊಸೆ ಮಾವನ ಹೆಸರು ಹಿಡಿದು ಕೂಗುವಂತಿಲ್ಲ. ಹಾಗಾಗಿ ಆ ಕೂಸು ಪುಟ್ಟ, ಅಪ್ಪು, ಅಜ್ಜಪ್ಪ ಎಂಬ ಕರೆಯುವ ಹೆಸರಲ್ಲೇ ದೊಡ್ಡದಾಗುತ್ತಿತ್ತು. ಚೀನಾದಲ್ಲಿ ಚಕ್ರವರ್ತಿಯ ಹುಟ್ಟುಹೆಸರಿನ ಅಕ್ಷರವನ್ನು ಯಾರೂ ಬರೆಯುವಂತಿರಲಿಲ್ಲ. ಕಾಂಗ್‌ಶಿ ಚಕ್ರವರ್ತಿಯ ಹೆಸರಿನಲ್ಲಿ ಶುವಾನ್ ಎಂಬ ಅಕ್ಷರವಿದ್ದದ್ದರಿಂದ ಬೀಜಿಂಗಿನ ಅರಮನೆಯ ಉತ್ತರದ ಬಾಗಿಲು ಶುವಾನ್‌ವು ಹೋಗಿ ಶೆನ್‌ವು ಆಯಿತು.

ನಾಮಕರಣದ ದಿನ ಸೋದರತ್ತೆ ತೊಟ್ಟಿಲಿಗೆ ಬಾಗಿ ಕೂಸಿನ ಕಿವಿಯಲ್ಲಿ ಹೆಸರು ಉಸುರುವಾಗ ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತ ನಗುವುದು ಉತ್ತರ ಕರ್ನಾಟಕದ ಮನೆಗಳಲ್ಲಿ ಇನ್ನೂ ಉಂಟು. ಹೆಸರನ್ನು ಮೊದಲು ಕೇಳುವ ಹಕ್ಕು ಕೂಸಿನದು, ಆಮೇಲೆ ಬಳಗದ್ದು.

ಬದಲಾದ ಹೆಸರುಗಳು

20ನೆಯ ಶತಮಾನದಲ್ಲಿ ಕನ್ನಡಿಗರ ಹೆಸರುಗಳು ಬದಲಾದ ವೇಗ ಹಿಂದೆಂದೂ ಇರಲಿಲ್ಲ. ಒಂದೇ ಮನೆಯ ಮೂರು ತಲೆಮಾರು ಸಾಕು ಉದಾಹರಣೆಗೆ: ತಂದೆ ವೆಂಕಟಪ್ಪ, ಮಗ ಪುಟ್ಟಪ್ಪ (ಕುವೆಂಪು), ಮೊಮ್ಮಗ ಪೂರ್ಣಚಂದ್ರ ತೇಜಸ್ವಿ. ಕುವೆಂಪು ತಮ್ಮ ಮಕ್ಕಳಿಗೆ ಜಾತಿಯ ಸೋಂಕಿಲ್ಲದ, ಕವಿತೆಯಂಥ ಹೆಸರುಗಳನ್ನು ಬೇಕೆಂದೇ ಇಟ್ಟರು. ದಲಿತ ಕುಟುಂಬಗಳು ಭೀಮರಾವ್, ಗೌತಮ, ಸಿದ್ಧಾರ್ಥ ಎಂಬ ಹೆಸರುಗಳನ್ನು ಆರಿಸಿಕೊಂಡವು. ಐತ, ತುಕ್ರರ ಮೊಮ್ಮಕ್ಕಳ ಹಾಜರಿಪಟ್ಟಿಯಲ್ಲಿ ಈಗ ವಾರದ ಹೆಸರಿಲ್ಲ. ಇದು ನಷ್ಟವಲ್ಲ, ಬಿಡುಗಡೆ.

ಇನ್ನೊಂದು ಬಗೆಯ ಬದಲಾವಣೆಯನ್ನು ಹಾಗೆ ಸ್ವಾಗತಿಸಲು ಆಗುವುದಿಲ್ಲ. ಕೆಂಚಪ್ಪ, ಈರಮ್ಮ, ಬೊಮ್ಮಯ್ಯ, ಹೊನ್ನವ್ವ ಎಂಬವು ನಾಚಿಕೆಯ ಹೆಸರುಗಳೆಂದು ಶಾಲೆಗೆ ಸೇರಿಸುವಾಗಲೇ ತಿದ್ದಿಸಿಕೊಂಡವರು ಅನೇಕ. ಅವರ ಮಕ್ಕಳಿಗೆ ರಮೇಶ, ಸುರೇಶ, ಸುಜಾತ. ಮೊಮ್ಮಕ್ಕಳಿಗೆ ದೆಹಲಿಯಲ್ಲೂ ಧಾರವಾಡದಲ್ಲೂ ಒಂದೇ ಆದ ಅನನ್ಯ, ಆರವ್. ಸಾವಿರ ವರ್ಷ ಬಾಳಿದ ಬೊಮ್ಮಯ್ಯನಂಥ ಹೆಸರು ಎರಡು ತಲೆಮಾರಿನಲ್ಲಿ ಮನೆಗಳಿಂದ ಮರೆಯಾಗುತ್ತಿದೆ. ಹಳೆಯ ಹೆಸರನ್ನೇ ಇಡಿ ಎಂದು ಯಾರನ್ನೂ ಒತ್ತಾಯಿಸಲಾಗದು. ಆದರೆ ಅವನ್ನು ಬರೆದಿಡುವ ಕೆಲಸ ಆಗಲೇಬೇಕು. ಹಳೆಯ ಪಹಣಿ, ಶಾಲೆಯ ದಾಖಲಾತಿ ಪುಸ್ತಕ, ಮಠ ಮತ್ತು ಜಾತ್ರೆಗಳ ಕಾಣಿಕೆ ಲೆಕ್ಕಗಳಲ್ಲಿ ಈ ಹೆಸರುಗಳು ಇನ್ನೂ ಸಿಗುತ್ತವೆ. ವಿಶ್ವವಿದ್ಯಾಲಯಗಳು ಜಿಲ್ಲೆಗೊಂದರಂತೆ ವ್ಯಕ್ತಿನಾಮ ಕೋಶ ಸಿದ್ಧಪಡಿಸಲಿ. ಓದುಗರು ಮಾಡಬಹುದಾದ್ದೂ ಇದೆ. ಮನೆಯಲ್ಲಿ ಅಜ್ಜಿ ತಾತ ಇದ್ದರೆ ಅವರ ಹೆಸರನ್ನು ಯಾರಿಟ್ಟರು, ಏಕಿಟ್ಟರು ಎಂದು ಈ ವಾರವೇ ಕೇಳಿ ಬರೆದುಕೊಳ್ಳಿ.